ಕಡ್ಡಿ ಚುಚ್ಚಿದ ಪೊಟ್ಟಣ

ಆಯಮ್ಮನ ಬಲಗೈಯ ನಡುಬೆರಳು ತುದಿಯ ಗಿಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಚಿಕ್ಕವಳಿದ್ದಾಗ ನವಣೆ ಕೊಯ್ಯುವಾಗ ಕುಡುಗೋಲು ತಾಗಿ, ಯಾವ ಡಾಕ್ಟರನ್ನೂ ಕಾಣದೆ ತಾನೇ ಕೂಡಿಕೊಂಡ ಬೆರಳು ಅದು. ಆ ಬೆರಳನ್ನೂ ಹೆಬ್ಬೆರಳನ್ನೂ ಬಳೆಯ ಹಾಗೆ ಮಾಡಿ ಮಗುವಿನ ತೋಳಿಗೆ ಹಾಕಿ ನೋಡುತ್ತಿದ್ದಳು. ಬೆರಳ ತುದಿಗಳು ಒಂದಕ್ಕೊಂದು ಮುಟ್ಟದಿದ್ದರೆ ಕೂಸು ಗಟ್ಟಿ. ಮುಟ್ಟಿದರೆ ಅದರ ಮೇಲೆ ಕಣ್ಣಿಡಬೇಕು. ಉಗುರಿನ ಮೇಲೆ ಉಗುರು ಹತ್ತಿ ಕೂತರೆ ಆಯಮ್ಮ ಮಾತಿಲ್ಲದೆ ಆ ಕೂಸನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡುಬಿಡುತ್ತಿದ್ದಳು. ಆಮೇಲೆ ಆ ಕೂಸು ಅವಳ ಸೊಂಟದಿಂದ ಇಳಿಯುತ್ತಿದ್ದದ್ದು ತಾನೇ ಓಡಾಡುವಂತಾದಾಗ.

ನಾವು ಅವಳಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದೆವು. ಕೆಂಪು, ಹಳದಿ, ಹಸಿರು ಬಣ್ಣದ್ದು, ತೋಳಿಗೆ ಸುತ್ತಿ ಅಳೆಯುವಂಥದ್ದು. ಎಲ್ಲೋ ಸಮುದ್ರದಾಚೆಯ ದೊಡ್ಡ ತಜ್ಞರು ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿದ ಪಟ್ಟಿ. ಆಯಮ್ಮ ಮೊದಲು ತನ್ನ ಬೆರಳ ಬಳೆ ಹಾಕಿ ನೋಡಿ, ಆಮೇಲೆ ನನ್ನ ಮುಖ ನೋಡಿ, ನಿಮ್ಮ ಸಮಾಧಾನಕ್ಕೆ ಇದನ್ನೂ ಹಾಕೋಣ ಎಂಬಂತೆ ಪಟ್ಟಿ ಸುತ್ತುತ್ತಿದ್ದಳು. ಎರಡೂ ಯಾವತ್ತೂ ಬೇರೆ ಬೇರೆ ಹೇಳಿದ್ದನ್ನು ನಾನು ಕಾಣಲಿಲ್ಲ.

ನಾನಾಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ನೆರವು ಸಂಸ್ಥೆಯ ಕ್ಷೇತ್ರಾಧಿಕಾರಿ. ಹುಟ್ಟಿದ್ದು ಕೊಟ್ಟೂರಿನಲ್ಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಸೇರಿ ಐದು ತಾಲೂಕು ನನ್ನ ಬೈಕಿನ ಪಾಲಿಗೆ ಬಂದಿದ್ದವು. ಇವತ್ತು ಮಾಗಳ, ನಾಳೆ ಉಚ್ಚಂಗಿದುರ್ಗ, ನಾಡಿದ್ದು ತಂಬ್ರಹಳ್ಳಿ ಎಂದು ಸುತ್ತುತ್ತಿದ್ದೆ. ಸಂಬಂಧಿಕರು ಏನು ಕೆಲಸ ಎಂದು ಕೇಳಿದರೆ ಜಗತ್ತಿನ ಹಸಿವು ಕಡಿಮೆ ಮಾಡುವುದು ಎನ್ನುತ್ತಿದ್ದೆ. ಮೊದಮೊದಲು ಹೆಮ್ಮೆಯಿಂದ ಹೇಳುತ್ತಿದ್ದೆ, ಆಮೇಲಾಮೇಲೆ ತಮಾಷೆಗೆ, ಕೊನೆಗೆ ಹೇಳುವುದನ್ನೇ ಬಿಟ್ಟೆ.

ಆ ಕೆಲಸ ಹೇಗೆ ನಡೆಯುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ದೂರದ ದೇಶದಲ್ಲಿ ಯಾರೋ ಪುಣ್ಯಾತ್ಮರು ಟಿವಿಯಲ್ಲಿ ಒಣಗಿದ ಮಗುವನ್ನು ನೋಡಿ ಮರುಗುತ್ತಾರೆ, ಕೊಡುತ್ತಾರೆ. ಅಲ್ಲಿಯ ದೊಡ್ಡ ಕಚೇರಿ ಯೋಜನೆ ಬರೆಯುತ್ತದೆ. ಕಾರ್ಖಾನೆ ಪೊಟ್ಟಣ ಮಾಡುತ್ತದೆ, ಹಡಗು ಹೊರುತ್ತದೆ, ಬಂದರಿನಿಂದ ಲಾರಿ ತರುತ್ತದೆ, ಗೋಡೌನಿನಲ್ಲಿ ಪೆಟ್ಟಿಗೆ ಇಳಿಯುತ್ತದೆ. ಅಲ್ಲಿಂದ ನಾನು, ನನ್ನಿಂದ ಆಯಮ್ಮ, ಆಯಮ್ಮನಿಂದ ಮಗುವಿನ ಬಾಯಿ. ಇಷ್ಟುದ್ದದ ಸಾಲಿನಲ್ಲಿ ಹಸಿದ ಮಗುವನ್ನು ದಿನಾ ಕಣ್ಣಾರೆ ಕಾಣುವವಳು ಆಯಮ್ಮ ಒಬ್ಬಳೇ. ಉಳಿದವರೆಲ್ಲ ಕಾಣುವುದು ಕಾಗದವನ್ನು. ತೋಳು ಕೆಂಪಿನಲ್ಲಿದ್ದರೆ ಮಗುವಿನ ಹೆಸರು ನಮ್ಮ ಪಟ್ಟಿಗೆ ಸೇರಿತು, ದಿನಕ್ಕಿಷ್ಟು ಪೊಟ್ಟಣ, ವಾರಕ್ಕೊಮ್ಮೆ ತೂಕ, ಹಸಿರಿಗೆ ಬಂದರೆ ಪಟ್ಟಿಯಿಂದ ಹೊರಗೆ. ಕೆಟ್ಟ ಏರ್ಪಾಡು ಎಂದು ನಾನು ಹೇಳುವುದಿಲ್ಲ. ಆ ಪೊಟ್ಟಣದಿಂದ ಬದುಕಿದ ಮಕ್ಕಳನ್ನು ಎತ್ತಿ ಆಡಿಸಿದ್ದೇನೆ. ಆದರೆ ಅದರ ಕಾನೂನುಗಳನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಪೊಟ್ಟಣದಲ್ಲಿದ್ದದ್ದು ಏನು ಎನ್ನುತ್ತೀರಿ? ಶೇಂಗಾ. ಹುರಿದು ಬೆಣ್ಣೆಯಂತೆ ಅರೆದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಬೆರೆಸಿದ ಶೇಂಗಾ. ಕೂಡ್ಲಿಗಿ ಸೀಮೆಗೆ ಶೇಂಗಾ ಹಡಗಿನಲ್ಲಿ ಬಂತು. ಲಾರಿಯಿಂದ ಪೆಟ್ಟಿಗೆ ಇಳಿಸಿದ ಹಮಾಲರು ಅದೇ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಶೇಂಗಾ ಚೀಲ ಹೊತ್ತು ಬಂದಿದ್ದರು. ಮೊದಲ ಪೊಟ್ಟಣ ಹರಿದು ಆಯಮ್ಮನ ಅಂಗೈಗೆ ಒಂದಿಷ್ಟು ಹಾಕಿದೆ. ನೆಕ್ಕಿ, ಕಣ್ಣು ಮುಚ್ಚಿ ಹೇಳಿದಳು.

“ನಮ್ಮ ಶೇಂಗಾನ ಐತಿ ಇದು. ಸಾಲಿ ಕಲ್ತು ಬಂದೈತಿ.”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ಅವಳದು. ಆ ಊರಿನ ಅಪ್ಪಂದಿರೂ ಅವರ ಮಕ್ಕಳೂ ಅವಳ ಕೈಯಿಂದಲೇ ಉಂಡವರು. ಅರವತ್ತಾಗಿ ನಿವೃತ್ತಿಯಾದ ಮೇಲೆ ನಮ್ಮ ಸಂಸ್ಥೆ ಅವಳನ್ನು ಸ್ವಯಂಸೇವಕಿ ಎಂದು ತೆಗೆದುಕೊಂಡಿತು. ಅವಳ ಮನೆಯ ಮುಂದಿನ ಬೇವಿನ ಮರದ ಕಟ್ಟೆಯೇ ನಮ್ಮ ಕೇಂದ್ರ. ಕುಳ್ಳಗೆ, ಕಪ್ಪಗೆ, ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಎಲೆ ಅಡಿಕೆಯ ಚೀಲವನ್ನು ಅಲ್ಲೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಜನರ ಮುಂದೆ ನನ್ನನ್ನು ಸರ ಎನ್ನುತ್ತಿದ್ದಳು, ರೀ ಹಚ್ಚಿ ಮಾತಾಡುತ್ತಿದ್ದಳು. ಜನ ಆಚೆ ಹೋದರೆ ತಮ್ಮಾ ಎಂದು ಬೈಯುವುದಕ್ಕೂ ಹಿಂದೆಗೆಯುತ್ತಿರಲಿಲ್ಲ. ಬೈಕಿನಲ್ಲಿ ಬಿಸಿಲಿಗೆ ತಲೆಗೆ ಏನೂ ಕಟ್ಟದೆ ಬಂದದ್ದಕ್ಕೆ, ಉಣ್ಣದೆ ಬಂದದ್ದಕ್ಕೆ, ಉಂಡೇ ಬಂದು ಅವಳ ಮನೆಯಲ್ಲಿ ಬೇಡ ಎಂದದ್ದಕ್ಕೆ ಬೈಸಿಕೊಂಡಿದ್ದೇನೆ.

ಅವಳ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಮಗು ಬೆಳೆದಿದೆ ಎಂದು ಬಾಯಿಬಿಟ್ಟು ಹೇಳಲು ಅವಳು ಸುತರಾಂ ಒಪ್ಪುತ್ತಿರಲಿಲ್ಲ. ತೂಕದ ಮುಳ್ಳು ನೋಡಿ ಎಷ್ಟಿದೆ ಎಂದು ಕೇಳಿದರೆ ಎಲ್ಲ ಮಕ್ಕಳಿಗೂ ಅಷ್ಟಕ್ಕಷ್ಟೇ ಇದೆ ಎಂಬ ಒಂದೇ ಉತ್ತರ. ನಾನೇ ಬಗ್ಗಿ ಮುಳ್ಳು ನೋಡಿ ಬರೆದುಕೊಳ್ಳಬೇಕು. ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಬಾರದು. ಅಮಾವಾಸ್ಯೆಯ ದಿನ ತೂಗುವ ಮಾತೇ ಇಲ್ಲ. ತೂಗಿದ ಮೇಲೆ ಪ್ರತಿ ಕೂಸಿನ ಅಂಗಾಲಿಗೆ ಕಾಡಿಗೆಯ ಬೊಟ್ಟು. ನಾನು ಕೃಷಿ ಪದವಿ ಓದಿದವನು, ಇದೆಲ್ಲ ಮೂಢನಂಬಿಕೆ ಎಂದು ಒಂದು ದಿನ ಹೇಳಿದೆ. ಆಯಮ್ಮ ಹೌದೌದು ಎಂದು ತಲೆಯಾಡಿಸಿ ಬೊಟ್ಟು ಇಡುವುದನ್ನು ಮುಂದುವರಿಸಿದಳು.

ನಮ್ಮ ಕಾನೂನು ಏನೆಂದರೆ, ಯಾವ ಮಗುವಿನ ಹೆಸರಿಗೆ ಪೊಟ್ಟಣ ಬಂದಿದೆಯೋ ಅದು ಬಿಟ್ಟು ಇನ್ನೊಂದು ಮಗು ಅದನ್ನು ಮುಟ್ಟಬಾರದು. ಅಣ್ಣ ಅಕ್ಕಂದಿರಿಗೂ ಇಲ್ಲ. ತಿಂದಾದ ಮೇಲೆ ಖಾಲಿ ಕವರನ್ನು ವಾಪಸ್ ಪಡೆದು, ಎಣಿಸಿ, ಸುಡಬೇಕು. ಸುಟ್ಟಿದ್ದೇನೆ ಎಂದು ತಿಂಗಳಿಗೊಮ್ಮೆ ನಾನು ಸಹಿ ಮಾಡಬೇಕು. ಇದು ಹುಚ್ಚು ಕಾನೂನಲ್ಲ. ಬೇರೆ ಕಡೆ ಪೊಟ್ಟಣಗಳು ಅಂಗಡಿಗೆ ಹೋಗಿ ಮಾರಾಟವಾದದ್ದೂ ಉಂಟು, ಹಾಗಾಗಿ ಮಾಡಿದ್ದರು. ಆದರೆ ಆ ಕಾನೂನು ಬರೆದವರು ನಮ್ಮ ಕಡೆಯ ಓಣಿಯಲ್ಲಿ ಒಂದು ಮಗುವಿಗೆ ಉಣ್ಣಿಸಿ ನೋಡಿರಲಿಲ್ಲ.

ಮೊದಲ ತಿಂಗಳು ಆ ಊರಿನಲ್ಲಿ ಪಟ್ಟಿಗೆ ಸೇರಿದ ಏಳು ಮಕ್ಕಳ ಪೈಕಿ ಒಂದೂ ಮೈ ಹಿಡಿಯಲಿಲ್ಲ. ತಾಯಿ ಪೊಟ್ಟಣ ಹರಿದ ಕೂಡಲೇ ಓಣಿಯ ಮಕ್ಕಳೆಲ್ಲ ಬಂದು ಸುತ್ತ ಕೂರುತ್ತಿದ್ದವು. ತಾಯಿ ತನ್ನ ಮಗುವಿಗೆ ಒಂದು ಸಲ ಹಿಂಡಿದರೆ ನೋಡುತ್ತಿದ್ದ ಪ್ರತಿ ಅಂಗೈಗೂ ಒಂದೊಂದು ಸಲ ಹಿಂಡುತ್ತಿದ್ದಳು. ನಮ್ಮ ಕಾಗದದಲ್ಲಿ ಇದಕ್ಕೆ ಸೋರಿಕೆ ಎಂದು ಹೆಸರು. ನಾನು ಚಿತ್ರದ ಹಾಳೆಗಳನ್ನು ಹಿಡಿದು ಭಾಷಣ ಬಿಗಿದೆ. ಇದು ತಿಂಡಿಯಲ್ಲ, ಔಷಧಿ ಎಂದೆ. ತಾಯಂದಿರು ಹೂಂ ಎಂದರು, ಮರುದಿನ ಮತ್ತೆ ಹಂಚಿದರು. ನಾನು ಸಿಟ್ಟಿನಿಂದ ಕಟ್ಟೆಯ ಮೇಲೆ ಹಾಳೆ ಒಗೆದು ಕೂತಾಗ ಆಯಮ್ಮ ಪಕ್ಕಕ್ಕೆ ಬಂದಳು.

“ಒಂದು ಬಾಯಿ ತಿಂದು ಹತ್ತು ಬಾಯಿ ನೋಡಿದ್ರ ಆ ಕೂಳು ಮೈಗೆ ಹತ್ತಂಗಿಲ್ಲ ತಮ್ಮಾ. ಇವರು ಹಂಚಾದು ಪ್ರೀತಿಗಲ್ಲ, ಅಂಜಿಕಿಗೆ.”

ತಾಯಂದಿರು ತಮ್ಮ ಮಗು ಬದುಕಲಿ ಎಂದೇ ಹಂಚುತ್ತಿದ್ದರು. ಕಣ್ಣು ಬಿದ್ದರೆ ತಿಂದದ್ದೆಲ್ಲ ವ್ಯರ್ಥ ಎಂದು ಅಂಜಿ ಪೊಟ್ಟಣವನ್ನೇ ವ್ಯರ್ಥ ಮಾಡುತ್ತಿದ್ದರು. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಹೊಸಪೇಟೆಯ ಹೋಟೆಲಿನಲ್ಲಿ ಮೂರು ದಿನ ಕೂರಿಸಿ ತಣ್ಣನೆಯ ಕೋಣೆಯಲ್ಲಿ ಸೋರಿಕೆ ತಡೆಯುವ ಬಗ್ಗೆ ಪಾಠ ಮಾಡಿದ್ದರು.

ಮುಂದಿನ ವಾರ ಹೋದಾಗ ಕಟ್ಟೆಯ ಮೇಲೆ ಓಣಿಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು. ಎಲ್ಲರ ಕೈಯಲ್ಲೂ ನಮ್ಮ ಸಂಸ್ಥೆಯ ಬೆಳ್ಳಿ ಬಣ್ಣದ ಪೊಟ್ಟಣ. ಹತ್ತಿರ ಹೋಗಿ ನೋಡಿದರೆ ಏಳು ಮಕ್ಕಳ ಕೈಯಲ್ಲಿದ್ದದ್ದು ಮಾತ್ರ ನಿಜವಾದದ್ದು. ಉಳಿದವುಗಳ ಬಾಯನ್ನು ಮಡಿಸಿ ಒಂದು ಸಣ್ಣ ಕಡ್ಡಿ ಚುಚ್ಚಿ ಮುಚ್ಚಲಾಗಿತ್ತು, ಊಟದ ಪತ್ರೋಳಿ ಎಲೆ ಹಚ್ಚುತ್ತಾರಲ್ಲ ಹಾಗೆ. ಆಯಮ್ಮ ಖಾಲಿ ಕವರುಗಳನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಶೇಂಗಾ ಹುರಿದು ಬೆಲ್ಲ ಎಳ್ಳು ಹಾಕಿ ಒರಳಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿ ಅದರಲ್ಲಿ ತುಂಬಿದ್ದಳು. ಎಲ್ಲ ಬಾಯಿಗೂ ಒಂದೇ ಸಮ, ಎಲ್ಲ ಕೈಗೂ ಒಂದೇ ಹೊಳಪು. ನೋಡುವ ಕಣ್ಣು ಯಾವುದೂ ಉಳಿಯಲಿಲ್ಲ. ತಾಯಂದಿರು ಪೂರ್ತಿ ಪೊಟ್ಟಣವನ್ನು ತಮ್ಮ ಮಗುವಿಗೇ ಉಣ್ಣಿಸಿದರು.

ನಾನೂ ಒಂದು ತಿಂದೆ. ಹಡಗಿನ ಶೇಂಗಾಕ್ಕಿಂತ ರುಚಿಯಾಗಿತ್ತು. ಹಾಗೆಂದು ಇದು ಅದಕ್ಕೆ ಸಮ ಎನ್ನಲಾರೆ. ಸೊರಗಿದ ಕೂಸಿಗೆ ಬೇಕಾದ ಹಾಲು, ಜೀವಸತ್ವ ಇದರಲ್ಲಿರಲಿಲ್ಲ. ಆಯಮ್ಮನಿಗೂ ಅದು ಗೊತ್ತಿತ್ತು. ಪಟ್ಟಿಯಲ್ಲಿದ್ದ ಮಕ್ಕಳಿಗೆ ಅವಳು ತನ್ನದನ್ನು ಕೊಟ್ಟವಳಲ್ಲ, ಅವರ ಪೊಟ್ಟಣವನ್ನು ಇನ್ನೊಬ್ಬರಿಗೆ ಕೊಟ್ಟವಳೂ ಅಲ್ಲ. ಕವರು ಸುಡುವುದನ್ನಷ್ಟೇ ನಿಲ್ಲಿಸಿದಳು. ಸುಟ್ಟಿದ್ದೇನೆ ಎಂದು ಸಹಿ ಮಾಡುವುದನ್ನು ನಾನು ನಿಲ್ಲಿಸಲಿಲ್ಲ.

ಏಳು ಮಕ್ಕಳಲ್ಲಿ ಎಲ್ಲಕ್ಕಿಂತ ಕೃಶವಾದದ್ದು ಹುಲಿಗಿ. ಎರಡೂವರೆ ವರ್ಷದ ಹುಡುಗಿ, ಆಯಮ್ಮನ ಪಕ್ಕದ ಮನೆಯದು. ತಾಯಿ ಕೂಲಿಗೆ ಹೋಗುತ್ತಿದ್ದಳು, ಮೇಲೆ ಇನ್ನೂ ಮೂರು ಮಕ್ಕಳು. ಹುಲಿಗಿ ನಿಲ್ಲುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಅಳದ ಕೂಸನ್ನು ಕಂಡರೆ ಆಯಮ್ಮನಿಗೆ ಆಗುತ್ತಿರಲಿಲ್ಲ, ಬೇಕೆಂದೇ ಅದರ ಮೂಗು ಹಿಂಡಿ ಅಳಿಸಲು ನೋಡುತ್ತಿದ್ದಳು. ಕಡ್ಡಿಯ ಪೊಟ್ಟಣಗಳು ಶುರುವಾದ ಮೇಲೆ ಹುಲಿಗಿಯ ತೂಕದ ಮುಳ್ಳು ಸರಿಯಿತು. ಐದನೆಯ ವಾರ ತೋಳಿನ ಪಟ್ಟಿ ಕೆಂಪು ದಾಟಿ ಹಳದಿಗೆ ಬಂತು. ಆವತ್ತು ಅದು ಕಟ್ಟೆ ಹಿಡಿದು ನಿಂತು, ಕೈಗೆ ಸಿಕ್ಕ ನನ್ನ ಪೆನ್ನನ್ನು ಬಿಸಾಡಿತು. ಆಯಮ್ಮ ಥೂ ಥೂ ಎಂದು ದೃಷ್ಟಿ ತೆಗೆದು, ಅಷ್ಟಕ್ಕಷ್ಟೇ ಇದೆ ಎಂದಳು. ಅವಳ ಕಣ್ಣು ಮಾತ್ರ ನಗುತ್ತಿತ್ತು.

ಅದೇ ಹೊತ್ತಿಗೆ ದಾನಿಗಳ ಭೇಟಿ ನಿಗದಿಯಾಯಿತು. ದೂರದೇಶದ ಒಬ್ಬ ಹೆಣ್ಣುಮಗಳು, ನಮ್ಮ ದೆಹಲಿ ಕಚೇರಿಯ ಪರಿಶೀಲಕರು, ಒಬ್ಬ ಫೋಟೋಗ್ರಾಫರ್. ನಾನು ಹಿಂದಿನ ದಿನವೇ ಹೋಗಿ ನಾಳೆ ಪಟ್ಟಿಯಲ್ಲಿರುವ ಏಳು ಮಕ್ಕಳಿದ್ದರೆ ಸಾಕು, ಬೇರೆಯವರು ಬೇಡ ಎಂದು ಹೇಳಿ ಬಂದೆ. ಯಾಕೆ ಎಂದು ಬಿಡಿಸಿ ಹೇಳಲಿಲ್ಲ. ಕವರಿನ ಮಾತೆತ್ತಲು ನನಗೇ ನಾಚಿಕೆಯಾಗಿತ್ತು. ಆಯಮ್ಮ ಆಗಲಿ ಎಂದಳು.

ಆಮೇಲೆ ಅವಳು ಯೋಚಿಸಿದ್ದು ಅವಳ ರೀತಿಯಲ್ಲಿ. ಊರಿನ ಕಣ್ಣಿಗೇ ಇಷ್ಟು ಅಂಜಬೇಕಾದರೆ ಪರದೇಶದ ಕಣ್ಣಿಗೆ, ಅದರ ಮೇಲೆ ಕ್ಯಾಮೆರಾದ ಕಣ್ಣಿಗೆ ಎಷ್ಟು ಅಂಜಬೇಕು? ಏಳೇ ಮಕ್ಕಳನ್ನು ಎದುರಿಗೆ ಕೂರಿಸಿ ಉಣ್ಣಿಸುವುದೆಂದರೆ ಹುಲಿಗಿಯನ್ನು ಕೈಯಾರೆ ಬಲಿ ಕೊಟ್ಟ ಹಾಗೆ. ಬೆಳಿಗ್ಗೆ ಎದ್ದು ಸೊಸೆಯನ್ನೂ ಕರೆದುಕೊಂಡು ಕುಟ್ಟಿದ್ದೇ ಕುಟ್ಟಿದ್ದು. ನಾವು ಜೀಪಿನಿಂದ ಇಳಿದಾಗ ಆಯಮ್ಮನ ಓಣಿಯವಷ್ಟೇ ಅಲ್ಲ, ಹಿಂದಿನ ಓಣಿಯ ಮಕ್ಕಳೂ ಬೇವಿನ ನೆರಳು ತುಂಬ ಕೂತಿದ್ದವು. ಎಲ್ಲರಿಗೂ ಎಣ್ಣೆ ಹಚ್ಚಿ ತಲೆ ಬಾಚಿತ್ತು. ಎಲ್ಲರ ಕೈಯಲ್ಲೂ ಪೊಟ್ಟಣ. ಅತಿಥಿಗಳಿಗೆಂದು ಒಂದು ತಟ್ಟೆಯಲ್ಲಿ ಬೇರೆ ಜೋಡಿಸಿಟ್ಟಿದ್ದಳು.

ಪರಿಶೀಲಕರು ತಮ್ಮ ಕೈಯಲ್ಲಿದ್ದ ಪಟ್ಟಿ ನೋಡಿದರು, ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಕಳ್ಳತನವನ್ನು ಬಹಳ ಕಡೆ ಕಂಡು ದಣಿದಿದ್ದವರು. ಏಳು ಮಕ್ಕಳ ಪೊಟ್ಟಣ ಇಷ್ಟೊಂದು ಕೈಗೆ ಹೇಗೆ ಬಂತು ಎಂದು ಆಕೆಯನ್ನು ಕೇಳು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆಯಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಡುವೆ ನಾನು.

ಕೇಳಿದೆ. ಆಯಮ್ಮ ಅಂಜಲಿಲ್ಲ. ಸೆರಗು ಸರಿಮಾಡಿಕೊಂಡು ನಾಲ್ಕೈದು ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಶೇಂಗಾ ಯಾರದು, ಕುಟ್ಟಿದವರು ಯಾರು, ಕವರಿಗೆ ಯಾಕೆ ತುಂಬಿದ್ದು, ಎಲ್ಲ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದಳು, ಇನ್ನು ನೀನು ಹೇಳು ಎಂಬಂತೆ.

ನಾನು ಅದನ್ನು ಹಾಗೇ ಹೇಳಿದ್ದರೆ ಪರಿಶೀಲಕರು ಒಂದು ಪೊಟ್ಟಣ ಬಿಚ್ಚಿ ನೋಡುತ್ತಿದ್ದರು, ನಂಬುತ್ತಿದ್ದರು. ಆದರೆ ಆಮೇಲೆ ಕೇಳುತ್ತಿದ್ದರು, ಹಾಗಾದರೆ ಕವರು ಸುಟ್ಟಿದ್ದೇನೆ ಎಂದು ತಿಂಗಳು ತಿಂಗಳು ಸಹಿ ಮಾಡಿದವನು ಯಾರು? ಆ ಪ್ರಶ್ನೆ ಅವರ ಬಾಯಿಂದ ಬರುವ ಮೊದಲೇ ನನಗೆ ಕೇಳಿಸಿತು. ಆಕೆ ತಪ್ಪಾಯಿತು ಎನ್ನುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟೇ.

ಅವರು ತಲೆಯಾಡಿಸಿ ಬರೆದುಕೊಂಡರು. ದೂರದೇಶದ ಹೆಣ್ಣುಮಗಳ ಮುಖ ಸಣ್ಣಗಾಯಿತು. ತಟ್ಟೆಯಲ್ಲಿದ್ದದ್ದನ್ನು ಯಾರೂ ಮುಟ್ಟಲಿಲ್ಲ. ಫೋಟೋಗ್ರಾಫರ್‌ಗೆ ಈ ಯಾವುದರ ಪರಿವೆಯೂ ಇರಲಿಲ್ಲ, ನೆರಳು ಬಿಸಿಲು ನೋಡಿಕೊಂಡು ಮಕ್ಕಳ ಫೋಟೋ ತೆಗೆಯುತ್ತಲೇ ಇದ್ದ. ಜೀಪು ಹತ್ತುವ ಮೊದಲು ಆಯಮ್ಮ ನನ್ನ ತೋಳು ಹಿಡಿದು ಎಲ್ಲಾ ಹೇಳಿದೆಯಲ್ಲ ಎಂದು ಕೇಳಿದಳು. ಹೇಳಿದೆ ಎಂದೆ.

ಹತ್ತು ದಿನಕ್ಕೆ ಪತ್ರ ಬಂತು. ಸರಕು ಬೇರೆಡೆಗೆ ಹೋಗಿರುವ ಶಂಕೆ ಇರುವುದರಿಂದ ವಿಚಾರಣೆ ಮುಗಿಯುವವರೆಗೆ ಆ ಕೇಂದ್ರಕ್ಕೆ ವಿತರಣೆ ನಿಲ್ಲಿಸಬೇಕು, ಸ್ವಯಂಸೇವಕಿಯನ್ನು ಕೈಬಿಡಬೇಕು. ಕಳ್ಳತನ ಆಗಿದ್ದರೂ ಹಸಿದಿದ್ದವರು ಮಕ್ಕಳು, ಶಿಕ್ಷೆ ಆದದ್ದೂ ಮಕ್ಕಳಿಗೆ. ಇದನ್ನು ಕೇಳುವವರು ಆ ಉದ್ದದ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ನಾನು ಒಂದರ ಹಿಂದೆ ಒಂದು ಮಿಂಚಂಚೆ ಬರೆದೆ. ಪರಿಶೀಲನೆಯಲ್ಲಿದೆ ಎಂದು ಒಂದೇ ಉತ್ತರ. ಆ ಪತ್ರಗಳಲ್ಲಿಯೂ ನಾನು ನಿಜ ಬರೆಯಲಿಲ್ಲ. ಮಾನವೀಯತೆಯ ದೃಷ್ಟಿಯಿಂದ ಎಂದು ಬರೆದೆ. ಅಂಥ ಮಾತುಗಳನ್ನು ಬರೆಯುವುದರಲ್ಲಿ ನಾನು ಪಳಗಿದ್ದೆ.

ಆಯಮ್ಮ ಪ್ರತಿ ಸೋಮವಾರ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಗೆ ಬರತೊಡಗಿದಳು. ಕಚೇರಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಒಳಗೆ ಬಾ ಎಂದರೆ ಚಪ್ಪಲಿ ಧೂಳಾಗಿದೆ ಎನ್ನುತ್ತಿದ್ದಳು. ಚಹಾ ಕುಡಿಯುತ್ತಿದ್ದಳು, ಬಸ್‌ಸ್ಟ್ಯಾಂಡಿನಿಂದ ನನಗೆಂದು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದಳು. ಸಾಹೇಬರಿಂದ ಏನಾದರೂ ಬಂತೇ ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಎದುರಿಗೇ ಗೋಡೌನಿನ ಬಾಗಿಲು, ಅದರ ಹಿಂದೆ ಹುಲಿಗಿಯ ಹೆಸರಿನ ಪೆಟ್ಟಿಗೆ, ಅದರ ಕೀಲಿ ನನ್ನ ಜೇಬಿನಲ್ಲಿ. ಒಂದು ದಿನವೂ ನನ್ನ ಕೈ ಜೇಬಿಗೆ ಹೋಗಲಿಲ್ಲ. ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ. ಐದನೆಯ ಸೋಮವಾರ ಆಯಮ್ಮ ಎದ್ದು ನಿಂತಳು. ಕಚೇರಿಯಲ್ಲಿ ಬೇರೆಯವರೂ ಇದ್ದುದರಿಂದ ರೀ ಹಚ್ಚಿಯೇ ಮಾತಾಡಿದಳು.

“ನನ್ನ ಹೆಸರು ತಗೀರಿ ಸರ. ಬೇಕಂದ್ರ ಕಳ್ಳಿ ಅಂತನೂ ಬರಕೊಳ್ರಿ, ನಾ ಹೆಬ್ಬೆಟ್ಟು ಒತ್ತತೀನಿ. ಆ ಕೂಸಿನ ಪಾಕೀಟು ಮಾತ್ರ ನಿಲ್ಲಸಬ್ಯಾಡ್ರಿ.”

ನಾನು ಸಾಹೇಬರಿಗೆ ಬರೆಯುತ್ತೇನೆ ಎಂದೆ.

ಮುಂದಿನ ಸೋಮವಾರ ಅವಳು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಬೈಕ್ ಹತ್ತಿ ಊರಿಗೆ ಹೋದರೆ ಮನೆಗೆ ಬೀಗ. ಸೊಸೆ ಹೊಲದಲ್ಲಿ ಸಿಕ್ಕು ವಿಷಯ ಹೇಳಿದಳು. ಹುಲಿಗಿಗೆ ಭೇದಿ ಶುರುವಾಗಿ ತೋಳು ಮತ್ತೆ ಕೆಂಪಿಗೆ ಬಂದಿತ್ತು. ತಾಯಿಗೆ ಉಳಿದ ಮಕ್ಕಳನ್ನು ಬಿಟ್ಟು ಬರಲಾಗದೆ ಆಯಮ್ಮನೇ ಕೂಸನ್ನು ಸೊಂಟಕ್ಕೆ ಇಟ್ಟುಕೊಂಡು ಕೂಡ್ಲಿಗಿ ಆಸ್ಪತ್ರೆಗೆ ಹೋಗಿದ್ದಳು. ನಾನು ಅಲ್ಲಿಗೆ ಹೋದಾಗ ಸೊರಗಿದ ಮಕ್ಕಳ ವಾರ್ಡಿನ ನೆಲದ ಮೇಲೆ ಕೂತು ಹುಲಿಗಿಗೆ ಚಮಚದಲ್ಲಿ ಹಾಲು ಹಾಕುತ್ತಿದ್ದಳು. ಅಕ್ಕಪಕ್ಕದ ಹಾಸಿಗೆಯ ತಾಯಂದಿರನ್ನೂ ಅದೇ ಹೊತ್ತಿಗೆ ಎಬ್ಬಿಸಿ, ಎಲ್ಲ ಮಕ್ಕಳೂ ಕೂಡಿಯೇ ಕುಡಿಯಬೇಕೆಂದು ಕೂರಿಸಿದ್ದಳು. ನರ್ಸಮ್ಮ ಇಂಥವರು ವಾರ್ಡಿಗೊಬ್ಬರು ಇರಬೇಕು ಎಂದು ನಕ್ಕರು. ಆಯಮ್ಮ ನನ್ನನ್ನು ಕಂಡು ಬೈಯಲಿಲ್ಲ. ಉಂಡು ಬಂದೆಯಾ ಎಂದು ಕೇಳಿದಳು.

ಎರಡು ವಾರ ಅಲ್ಲೇ ಇದ್ದಳು. ಕೂಸು ಬದುಕಿತು. ಊರಿಗೆ ಬಂದ ಮೇಲೆ ತನ್ನ ಕೋಳಿಯ ಮೊಟ್ಟೆ, ಯಾರದೋ ಮೇಕೆಯ ಹಾಲು, ಒರಳಿನ ಶೇಂಗಾ ಎಂದು ಹಾಕಿ ಹಾಕಿ ಅದನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿದಳು. ಓಣಿಯ ಮಕ್ಕಳಿಗೂ ಅದೇ ಕವರಿನಲ್ಲಿ, ಅದೇ ಕಡ್ಡಿ ಚುಚ್ಚಿ.

ವಿಚಾರಣೆಗೆ ಯಾರೂ ಬರಲಿಲ್ಲ. ಎಲ್ಲೋ ಒಂದು ದೇಶದಲ್ಲಿ ಯುದ್ಧ ಶುರುವಾಗಿ ಟಿವಿಯಲ್ಲಿ ಬೇರೆ ಮಕ್ಕಳು ಕಾಣಿಸಿಕೊಂಡವು. ನೆರವು ಅತ್ತ ತಿರುಗಿತು. ತಿರುಗಬಾರದಿತ್ತು ಎಂದು ಹೇಗೆ ಹೇಳಲಿ, ಅವೂ ಹಸಿದ ಮಕ್ಕಳೇ. ನಮ್ಮ ಯೋಜನೆಯ ಹಂತ ಮುಗಿಯಿತು. ಗೋಡೌನಿನಲ್ಲಿ ಉಳಿದ ಪೆಟ್ಟಿಗೆಗಳ ಅವಧಿಯೂ ಮುಗಿಯಿತು. ಅವಧಿ ಮೀರಿದ ಸರಕನ್ನು ಗುಂಡಿ ತೋಡಿ ಹೂಳಿ ಫೋಟೋ ಕಳಿಸಬೇಕು ಎಂದು ಕೊನೆಯ ಪತ್ರ ಬಂತು. ಊರಾಚೆ ಶೇಂಗಾ ಕಿತ್ತ ಒಂದು ಹೊಲದಲ್ಲಿ ಗುಂಡಿ ತೋಡಿಸಿದೆ. ಹುಲಿಗಿಯ ಪೆಟ್ಟಿಗೆಯನ್ನು ನಾನೇ ಇಳಿಸಿದೆ. ಫೋಟೋ ಕಳಿಸಿದ ದಿನವೇ ಉತ್ತರ ಬಂತು, ಇಷ್ಟು ಬೇಗ ಕೆಲಸ ಮುಗಿಸಿದ್ದಕ್ಕೆ ಅಭಿನಂದ‌ನೆ ಎಂದು.

ಆ ವರ್ಷದ ವರದಿ ಪುಸ್ತಕ ಅಂಚೆಯಲ್ಲಿ ಬಂತು. ನುಣುಪಾದ ಹಾಳೆ. ಮುಖಪುಟದ ತುಂಬ ಹುಲಿಗಿ. ಎಣ್ಣೆ ಹಚ್ಚಿದ ತಲೆ, ಕಟ್ಟೆ ಹಿಡಿದು ನಿಂತು ನಗುತ್ತಿದೆ. ಒಂದು ಕೈಯಲ್ಲಿ ಪೊಟ್ಟಣ, ಸಂಸ್ಥೆಯ ಗುರುತು ಚೆನ್ನಾಗಿ ಕಾಣುವಂತೆ. ಕೆಳಗೆ, ನಮ್ಮ ಆಹಾರದಿಂದ ಮರಳಿದ ಜೀವ ಎಂಬ ಅರ್ಥದ ಸಾಲು. ನಾನು ಪುಸ್ತಕವನ್ನು ಬೆಳಕಿಗೆ ಹಿಡಿದೆ. ಪೊಟ್ಟಣದ ಮೇಲ್ತುದಿ ಮಡಿಸಿತ್ತು. ಮಡಿಕೆಯ ಅಡ್ಡಕ್ಕೆ ಪತ್ರೋಳಿಯ ಕಡ್ಡಿ. ತನ್ನ ಪೊಟ್ಟಣ ಮುಗಿಸಿ ಪಕ್ಕದ ಮಗುವಿನದನ್ನು ಕಸಿದುಕೊಂಡಿತ್ತೋ ಏನೋ, ಅಷ್ಟು ಜೋರು ಬಂದಿತ್ತು ಆಗ ಅದಕ್ಕೆ. ಜಗತ್ತಿಗೆಲ್ಲ ಹಂಚಿದ ಆ ಚಿತ್ರದಲ್ಲಿ ಅವಳ ಕೈಯಲ್ಲಿದ್ದದ್ದು ನಮ್ಮ ಆಹಾರವಲ್ಲ. ಕಳ್ಳಿ ಎನ್ನಿಸಿಕೊಂಡವಳು ಕುಟ್ಟಿದ ಶೇಂಗಾ.

ವರದಿಯನ್ನು ತಿದ್ದಿ ಎಂದು, ಕವರಿನ ಸಹಿ ನನ್ನದೇ ಎಂದು, ನಾನು ಕೊನೆಗೂ ಬರೆದೆ. ಬರೆದದ್ದು ಯಾವಾಗ ಎಂದರೆ, ಬೇರೆ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದ ಮೇಲೆ. ಯೋಜನೆಯ ಕಡತ ಮುಚ್ಚಿದೆ ಎಂದು ಉತ್ತರ ಬಂತು. ಈಗಲೂ ನಾನು ಇದೇ ಕೆಲಸದಲ್ಲಿದ್ದೇನೆ. ಹೊಸ ಆ್ಯಪ್ ಬಂದಿದೆ, ಮಗುವಿನ ಮುಖ ಫೋನಿಗೆ ಹಿಡಿದರೆ ಮಾತ್ರ ಆಹಾರ ಬಿಡುಗಡೆ. ಸಿಗ್ನಲ್ ಇಲ್ಲದ ದಿನ ಮಗುವಿಗೆ ಮುಖವಿಲ್ಲ. ಹೊಸ ಹುಡುಗ ಹುಡುಗಿಯರು ತರಬೇತಿಗೆ ಬಂದಾಗ ನಾನು ಮೊದಲು ಅವರಿಗೆ ಒಂದು ಮಗುವಿಗೆ ಹತ್ತು ಮಕ್ಕಳ ಎದುರಿಗೆ ಉಣ್ಣಿಸಿ ಬನ್ನಿ ಎಂದು ಕಳಿಸುತ್ತೇನೆ. ಅವರು ನನ್ನನ್ನು ಗೊಣಗುವ ಮುದುಕ ಎಂದುಕೊಳ್ಳುತ್ತಾರೆ.

ಆ ದಾರಿಯಲ್ಲಿ ಹೋದಾಗಲೆಲ್ಲ ಆಯಮ್ಮನ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಂಡು ಹೋಗಿ, ರೊಟ್ಟಿ ಪಲ್ಯ ಉಂಡು, ಬೈಸಿಕೊಂಡು ವಾಪಸ್ ಬರುತ್ತಿದ್ದೆ. ಒಂದು ಸಲ ಅವಳೇ ಮಾತು ತೆಗೆದಳು. ನೀನು ಎಲ್ಲ ಹೇಳಿದೆ, ಅವರ ತಲೆಗೆ ಹೋಗಲಿಲ್ಲ, ನೀನೇನು ಮಾಡುತ್ತಿ ಎಂದು ನನಗೇ ಸಮಾಧಾನ ಹೇಳಿದಳು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹೋದ ಶ್ರಾವಣದಲ್ಲಿ ಆಯಮ್ಮ ತೀರಿಕೊಂಡಳು. ನನಗೆ ಗೊತ್ತಾದದ್ದು ತಡವಾಗಿ, ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಊರಿನವರು ಒಬ್ಬರು ಸಿಕ್ಕಾಗ. ಹೋಗುವಷ್ಟರಲ್ಲಿ ಎಲ್ಲ ಕಾರ್ಯ ಮುಗಿದಿತ್ತು. ಕಟ್ಟೆಯ ಮೇಲೆ ಒಬ್ಬ ಹುಡುಗಿ ಸಾಲೆಯ ಸಮವಸ್ತ್ರದಲ್ಲಿ ಕೂತು ಒಂದು ಸಣ್ಣ ಕೂಸಿಗೆ ಏನನ್ನೋ ತಿನ್ನಿಸುತ್ತಿದ್ದಳು. ಹುಡುಗಿಯ ತೋಳು ಗಟ್ಟಿಯಾಗಿತ್ತು. ಹುಲಿಗಿಯಾ ಎಂದು ಕೇಳಿದೆ. ಹೌದು ಎಂದಳು, ನನ್ನ ಗುರುತು ಅವಳಿಗೆ ಹತ್ತಲಿಲ್ಲ.

ಆಯಮ್ಮನ ಸೊಸೆ ಒಳಗಿನಿಂದ ಒಂದು ಗಂಟು ತಂದು ನನ್ನ ಮುಂದೆ ಇಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಬಿಚ್ಚಿದರೆ ಬೆಳ್ಳಿ ಬಣ್ಣದ ಕವರುಗಳು. ಒಂದೊಂದನ್ನೂ ತೊಳೆದು, ಒರೆಸಿ, ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ ಜೋಡಿಸಿತ್ತು. ತೂತು ಬಿದ್ದವು, ಅಂಚು ಸವೆದವು, ಒಂದನ್ನೂ ಬಿಸಾಡಿರಲಿಲ್ಲ.

“ಇವು ಆಫೀಸಿನ್ವು, ವಾಪಸ್ ಕೊಡಬೇಕು ಅಂತಿದ್ಳು ಅತ್ತಿ. ಆ ಸರ ಒಬ್ರ ನನ್ನ ಪರ ಮಾತಾಡಿದ್ರು, ಅವರ ಕೈಯಾಗ ಕೊಡು ಅಂತ ಹೇಳಿ ಹೋಗ್ಯಾಳ.”

ನಾನು ತೆಗೆದುಕೊಂಡೆ. ಎಣಿಸಲಿಲ್ಲ. ಪರ ಮಾತಾಡಿದವನು ನಾನಲ್ಲ ಎಂದು ಸೊಸೆಗೆ ಹೇಳದೆಯೇ ಗಂಟನ್ನು ಮತ್ತೆ ಕಟ್ಟಿಕೊಂಡು ಎದ್ದೆ. ಆ ಕವರುಗಳು ಈಗ ನನ್ನ ಮೇಜಿನ ಮೇಲಿವೆ. ಇವುಗಳನ್ನು ವಾಪಸ್ ಪಡೆಯುವ ಕಚೇರಿ ಎಲ್ಲೂ ಇಲ್ಲ. ನಾನು ಮಾಡಬಹುದಾದದ್ದು ಒಂದೇ, ಆವತ್ತು ಬೇವಿನ ಮರದ ಕೆಳಗೆ ಆಯಮ್ಮ ಪರಿಶೀಲಕರಿಗೆ ಹೇಳಿದ್ದನ್ನು, ನಾನು ನುಂಗಿಕೊಂಡದ್ದನ್ನು, ಒಂದು ಮಾತೂ ಬಿಡದೆ ಇಲ್ಲಿ ಹೇಳುವುದು.

“ಸಾಹೇಬ್ರ, ನಿಮ್ಮವು ಏಳು ಪಾಕೀಟು, ಆ ಏಳೂ ಕೂಸಿನ ಕೈಯಾಗ ಅದಾವ, ನೋಡ್ಕೊಳ್ರಿ. ಉಳದಿದ್ದು ನಮ್ಮ ಹೊಲದ ಶೇಂಗಾ, ನಾನ ಕುಟ್ಟೀನಿ. ಒಂದು ಕೂಸು ತಿನ್ನಾಗ ಇನ್ನೊಂದು ಕೂಸು ಬರೇ ಬಾಯಿ ನೋಡಬಾರ್ದು ಅಂತ ಕವರಿಗೆ ಹಾಕೀನಿ. ದೂರದಿಂದ ಬಂದೀರಿ. ನೀವೂ ಒಂದೊಂದು ತಗೊಳ್ರಿ.”